ತೊಟ್ಟಿ ರಿಪೇರಿಗೆ ಬ್ರೇಕರ್ ತರೋ ಮುಂಚೆ ಚಪ್ಪಟೆ ಉಳಿ ನೋಡ್ಕೊಳ್ಳಿ

ಈ ವಾರ ಬೆಳೆ, ರೋಗ, ಗೊಬ್ಬರ ಯಾವುದೂ ಇಲ್ಲ. ಒಂದು ಕಬ್ಬಿಣದ ತುಂಡಿನ ಬಗ್ಗೆ ಬರೀತಿದ್ದೀನಿ. ಬ್ರೇಕರ್ ಮಿಷಿನ್ನಿನ ತುದಿಗೆ ಹಾಕ್ತಾರಲ್ಲ, ಆ ಚಪ್ಪಟೆ ಉಳಿ. ಅಂಗಡಿಯಲ್ಲಿ ಫ್ಲ್ಯಾಟ್ ಚಿಸೆಲ್ ಅಂತ ಕೇಳಿದರೆ ಕೊಡ್ತಾರೆ. ಇದಕ್ಕೂ ಒಕ್ಕಲುತನಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ತಪ್ಪು ಬಿಟ್ ಹಾಕಿದ್ದಕ್ಕೆ ನಾನು ಒಂದು ಬೇಸಿಗೆಯಲ್ಲಿ 32 ದಾಳಿಂಬೆ ಗಿಡ ಕಳ್ಕೊಂಡಿದ್ದೀನಿ.

ನಮ್ಮ ಹೊಲ ಇರೋದು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಲ್ಲಿ. ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೂ ಒಂದು ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಆಕಾಶ ನೋಡೋದು. ಬೋರ್‌ನಲ್ಲಿ ಬರೋದು ಒಂದಿಂಚು ನೀರು, ಅದೂ ತ್ರೀ ಫೇಸ್ ಕರೆಂಟ್ ಇದ್ದಷ್ಟು ಹೊತ್ತು. ಹಾಗಾಗಿ ಕರೆಂಟ್ ಇದ್ದಾಗ ನೀರೆತ್ತಿ ತೊಟ್ಟಿಗೆ ತುಂಬಿಸಿ, ಬೆಳಗ್ಗೆ ಡ್ರಿಪ್ಪಿಗೆ ಬಿಡ್ತೀವಿ. ತೊಟ್ಟಿ ನಮ್ಮಪ್ಪ ಕಟ್ಟಿಸಿದ್ದು. 20 ಅಡಿ ಉದ್ದ, 15 ಅಡಿ ಅಗಲ, 5 ಅಡಿ ಆಳ. ಸೈಜುಗಲ್ಲಿನ ಗೋಡೆ, ಒಳಗೆ ಸಿಮೆಂಟ್ ಗಾರೆ, ತಳಕ್ಕೆ ಕಾಂಕ್ರೀಟು. ತುಂಬಿದರೆ ಸುಮಾರು 42 ಸಾವಿರ ಲೀಟರ್.

ಆ ತೊಟ್ಟಿ ಸೋರೋಕೆ ಶುರುವಾಯ್ತು.

ಸೋರ್ತಿದೆಯಾ, ಬಿಸಿಲಿಗೆ ಆರ್ತಿದೆಯಾ ಅಂತ ಮೊದಲು ತಿಳ್ಕೋಬೇಕು. ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಸಂಜೆ ತೊಟ್ಟಿಯ ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ. ಒಂದು ಬಕೆಟ್‌ಗೆ ನೀರು ತುಂಬಿ ಅದಕ್ಕೂ ಒಂದು ಗೆರೆ ಹಾಕಿ ತೊಟ್ಟಿಯ ಪಕ್ಕದಲ್ಲೇ ಇಡಿ. ಎರಡನ್ನೂ ಮೊಬೈಲಲ್ಲಿ ಫೋಟೋ ತೆಗೀರಿ. ಬೆಳಗ್ಗೆ ಮತ್ತೆ ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಆರಿದ್ದು. ತೊಟ್ಟಿ ಮಾತ್ರ ಹೆಚ್ಚು ಇಳಿದಿದ್ದರೆ ಸೋರಿದ್ದು. ನಮ್ಮದರಲ್ಲಿ ಬಕೆಟ್ ನೀರು ಗೆರೆ ಬಿಟ್ಟು ಇಳಿದೇ ಇರಲಿಲ್ಲ ಅನ್ನಬೇಕು, ತೊಟ್ಟಿ ಮೂರು ಇಂಚು ಇಳಿದಿತ್ತು. ಲೆಕ್ಕ ಹಾಕಿ: 20 ಅಡಿ, 15 ಅಡಿ, ಕಾಲು ಅಡಿ. 75 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಒಂದು ರಾತ್ರಿಗೆ 2,100 ಲೀಟರ್. ಎಳೆ ದಾಳಿಂಬೆಗೆ ದಿನಕ್ಕೆ 10 ಲೀಟರ್ ಅಂದ್ರೂ 210 ಗಿಡದ ನೀರು ರಾತ್ರೋರಾತ್ರಿ ಭೂಮ್ತಾಯಿಗೆ ವಾಪಸ್.

ನಮ್ಮಪ್ಪ ಹಿಂದೆ ಎರಡು ಸಲ ಹಳೇ ಗಾರೆ ಮೇಲೇ ಹೊಸ ಗಾರೆ ಬಳಿಸಿದ್ದರು. ಎರಡು ಸಲವೂ ವರ್ಷದೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಗಾರೆಯವರು ಹೇಳಿದ್ದು ಒಂದೇ ಮಾತು: "ಒಳಗಿಂದು ಪೊಳ್ಳು ಐತೆ ಕಣಪ್ಪ. ಅದನ್ನ ಕಿತ್ತು ಹಾಕದೆ ಮೇಲೆ ಎಷ್ಟು ಬಳಿದ್ರೂ ದುಡ್ಡು ದಂಡ." ಸುತ್ತಿಗೆ ಹಿಡಿ ತಿರುಗಿಸಿ ಗೋಡೆ ಮೇಲೆ ಮೆಲ್ಲಗೆ ಕುಟ್ಟುತ್ತಾ ಹೋದರೆ ಗೊತ್ತಾಗುತ್ತೆ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪೊಳ್ಳಿರೋ ಕಡೆ ಡಬ್ ಅನ್ನುತ್ತೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುಂಡು ಹಾಕಿದೆ. ಗೋಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಡೇ ಆಯ್ತು.

ಆಮೇಲೆ ಮಾಡಿದ್ದೇ ತಪ್ಪು. ದೊಡ್ಡ ಮಿಷಿನ್ ಆದರೆ ಬೇಗ ಮುಗಿಯುತ್ತೆ ಅಂದ್ಕೊಂಡು ಚಳ್ಳಕೆರೆಯಿಂದ ದೊಡ್ಡ ಬ್ರೇಕರ್ ಬಾಡಿಗೆಗೆ ತಂದೆ. 16-17 ಕೆ.ಜಿ. ತೂಕದ್ದು. ಜೊತೆಗೆ ಕೊಟ್ಟಿದ್ದು ಮೊನೆ ಬಿಟ್ ಒಂದೇ. ನಾನೂ ಬೇರೆ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಮೊನೆ ಗಾರೆ ದಾಟಿ ಕಲ್ಲಿನ ಸಂದಿಗೆ ಇಳೀತು. ಸಂದಿಯ ಗಾರೆ ಪುಡಿಯಾಯ್ತು. ಒಂದು ಸೈಜುಗಲ್ಲು ಅಲ್ಲಾಡಿ ಆಚೆ ಕಡೆ ಬೆಳಕು ಕಾಣಿಸ್ತು. ಸೋರ್ತಿದ್ದ ತೊಟ್ಟಿ ತೂತು ತೊಟ್ಟಿ ಆಯ್ತು. ಗೋಡೆ ಕಟ್ಟಿಸಿ, ಗಾರೆ ಮಾಡಿಸಿ, ಮತ್ತೆ ನೀರು ತುಂಬೋ ಹೊತ್ತಿಗೆ ಮೂರು ವಾರ. ಏಪ್ರಿಲ್ ತಿಂಗಳು. ಟ್ಯಾಂಕರ್ ನೀರು ಹಾಕಿದ್ರೂ ಆ 32 ಗಿಡ ಉಳೀಲಿಲ್ಲ.

ಏಟು ಎಷ್ಟು, ಅದು ಬೀಳೋದು ಎಲ್ಲಿ

ಮಿಷಿನ್ ಡಬ್ಬದ ಮೇಲೆ ಜೂಲ್ ಅಂತ ಒಂದು ಸಂಖ್ಯೆ ಇರುತ್ತೆ. ವ್ಯಾಟ್‌ಗಿಂತ ಇದು ಮುಖ್ಯ. ಒಂದು ಕೆ.ಜಿ. ಕಲ್ಲನ್ನ ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಬೀಳೋ ಏಟು ಸುಮಾರು 10 ಜೂಲ್. ಕೈಯಲ್ಲಿ ಹಿಡಿದು ಗೋಡೆಗೆ ತೂತು ಹಾಕೋ ಎರಡು-ಮೂರು ಕೆ.ಜಿ. ಹ್ಯಾಮರ್ ಡ್ರಿಲ್ಲಿನ ಏಟು ಎರಡೂವರೆ, ಮೂರು ಜೂಲ್. ಐದಾರು ಕೆ.ಜಿ. ಬ್ರೇಕರ್‌ನದ್ದು ಏಳೆಂಟು ಜೂಲ್. ನಾನು ತಂದಿದ್ದಂಥ ದೊಡ್ಡದರಲ್ಲಿ ಒಂದೊಂದು ಏಟೂ 40 ಜೂಲ್ ಮೇಲೆ. ಅಂದರೆ ನಾಲ್ಕು ಕೆ.ಜಿ. ಕಲ್ಲು, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ, ಒಂದೇ ಚುಕ್ಕಿ ಮೇಲೆ ಬಿದ್ದ ಹಾಗೆ.

ಮೊನೆ ಬಿಟ್ ಆ ಏಟನ್ನೆಲ್ಲ ಒಂದು ಚುಕ್ಕಿಗೆ ಕೊಡುತ್ತೆ. ಅದಕ್ಕೇ ಒಳಗೆ ಇಳಿಯುತ್ತೆ. ಗಟ್ಟಿ ಕಾಂಕ್ರೀಟಿನಲ್ಲಿ ಮೊದಲ ಬಾಯಿ ತೆಗೆಯೋಕೆ ಅದೇ ಸರಿ. ಚಪ್ಪಟೆ ಉಳಿ ಏಟನ್ನ ಒಂದು ಗೆರೆ ಉದ್ದಕ್ಕೆ ಹಂಚುತ್ತೆ. ಒಳಗೆ ಇಳಿಯೋದು ಕಡಿಮೆ, ಪದರ ಬಿಡಿಸೋದು ಜಾಸ್ತಿ. ದೋಸೆ ಕಾವಲಿ ಮೇಲೆ ಅಂಟಿದರೆ ಸೂಜಿಯಲ್ಲಿ ಚುಚ್ಚಲ್ಲ, ಮೊಗಚೋ ಕೈ ಅಡಿಗೆ ತೂರಿಸಿ ಎಬ್ಬಿಸ್ತೀವಲ್ಲ, ಹಾಗೆ. ನನಗೆ ಬೇಕಾಗಿದ್ದು ಗಾರೆ ಎಬ್ಬಿಸೋದು. ನಾನು ಮಾಡಿದ್ದು ಗೋಡೆ ಚುಚ್ಚೋದು.

ಅಗಲ ಹೆಚ್ಚಾದಷ್ಟೂ ಏಟು ತೆಳುವಾಗುತ್ತೆ ಅನ್ನೋದೂ ನೆನಪಿರಲಿ. 25 ಮಿ.ಮೀ. ಅಂಚಿಗೆ ಬೀಳೋ ಏಟು 50 ಮಿ.ಮೀ. ಅಂಚಿಗೆ ಬಿದ್ದರೆ ಪ್ರತಿ ಮಿ.ಮೀ.ಗೆ ಸಿಗೋದು ಅರ್ಧ. ಸಣ್ಣ ಮಿಷಿನ್‌ಗೆ ಅಗಲದ ಬಿಟ್ ಹಾಕಿ ಗಟ್ಟಿ ಕಾಂಕ್ರೀಟ್ ಒಡೀತೀನಿ ಅಂದರೆ ಬರೀ ಸದ್ದು ಬರುತ್ತೆ. ಹಾಗಾಗಿ ಗಾರೆ, ಟೈಲ್ಸು, ಗೋಡೆಗೆ ಅಂಟಿದ ಹಳೇ ಸುಣ್ಣದ ಪದರ ಕೀಳೋಕೆ 40ರಿಂದ 75 ಮಿ.ಮೀ. ಅಗಲ. ಕಾಂಕ್ರೀಟ್ ನೆಲ ಒಡೆಯೋಕೆ, ಪೈಪ್‌ಗೆ ಕಾಲುವೆ ತೆಗೆಯೋಕೆ, ಬಿರುಕು ಬಿಡಿಸೋಕೆ 20-25 ಮಿ.ಮೀ. ಮನೆಯಲ್ಲಿ ಎರಡೇ ಇಟ್ಕೊಳ್ಳೋದಾದರೆ 25 ಒಂದು, 50 ಒಂದು. ನನ್ನ ಹತ್ತಿರ ಇರೋದೂ ಅಷ್ಟೇ.

ಎರಡನೇ ಸಲ ಐದು ಕೆ.ಜಿ. ಮಿಷಿನ್ ತಂದೆ, 50 ಮಿ.ಮೀ. ಚಪ್ಪಟೆ ಉಳಿ ನಾನೇ ಕೊಂಡ್ಕೊಂಡೆ. ಉಳಿದ ಮೂರು ಗೋಡೆ ಎರಡು ದಿನಕ್ಕೆ ಮುಗೀತು. ಒಂದು ಕಲ್ಲೂ ಅಲ್ಲಾಡಲಿಲ್ಲ.

ಅಂಗಡಿಗೆ ಹೋದಾಗ ಮೊದಲು ಬಾಲ ನೋಡಿ

ಬಿಟ್ಟಿನ ಒಂದು ತುದಿ ಮಿಷಿನ್ ಒಳಗೆ ಹೋಗುತ್ತಲ್ಲ, ಅದಕ್ಕೆ ಶ್ಯಾಂಕ್ ಅಂತಾರೆ. ನಾನು ಬಾಲ ಅಂತೀನಿ. ಬಾಲ ಹೊಂದದಿದ್ದರೆ ಎಂಥ ಒಳ್ಳೆ ಉಕ್ಕಿನ ಉಳಿಯೂ ಗುಜರಿಯೇ. ನಮ್ಮ ಕಡೆ ಸಿಗೋ ಮಿಷಿನ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ತರದ ಬಾಲ ನೋಡಬಹುದು.

ಸಣ್ಣ ಹ್ಯಾಮರ್ ಡ್ರಿಲ್‌ಗಳಿಗೆ ಎಸ್‌ಡಿಎಸ್ ಪ್ಲಸ್. ಗುಂಡನೆ ಬಾಲ, 10 ಮಿ.ಮೀ. ದಪ್ಪ, ನಾಲ್ಕು ಗಾಡಿ ಇರುತ್ತೆ. ಅದರಲ್ಲಿ ಎರಡು ಗಾಡಿ ತುದಿವರೆಗೂ ಬಾಯಿ ತೆರೆದಿರುತ್ತೆ, ಇನ್ನೆರಡು ಮುಚ್ಚಿರುತ್ತೆ. ಐದರಿಂದ ಹತ್ತು ಕೆ.ಜಿ. ಮಿಷಿನ್‌ಗಳಿಗೆ ಎಸ್‌ಡಿಎಸ್ ಮ್ಯಾಕ್ಸ್, 18 ಮಿ.ಮೀ. ದಪ್ಪ. ಇವೆರಡೂ ನೋಡೋಕೆ ಅಣ್ಣ ತಮ್ಮನ ಹಾಗಿದ್ದರೂ ಒಂದರದ್ದು ಇನ್ನೊಂದಕ್ಕೆ ಹೋಗಲ್ಲ. ಕೆಲವು ಐದಾರು ಕೆ.ಜಿ. ಮಿಷಿನ್‌ಗಳಿಗೆ ಆರು ಮೂಲೆಯ 17 ಮಿ.ಮೀ. ಬಾಲ. ಅಂಗಡಿಯವರು ಹೆಕ್ಸ್ ಅಂತಾರೆ. ದೊಡ್ಡ ಬ್ರೇಕರ್‌ಗಳಿಗೂ ಹೆಕ್ಸೇ, ಆದರೆ ಕೆಲವಕ್ಕೆ 28 ಮಿ.ಮೀ., ಕೆಲವಕ್ಕೆ 30 ಮಿ.ಮೀ.

ಮೋಸ ಆಗೋದು ಈ ಕೊನೆಯ ಎರಡರಲ್ಲೇ. 30ರದ್ದು 28ರ ಬಾಯಿಗೆ ಹೋಗಲ್ಲ, ಅದು ಅಂಗಡಿಯಲ್ಲೇ ಗೊತ್ತಾಗುತ್ತೆ. ಆದರೆ 28ರದ್ದು 30ರ ಬಾಯಿಗೆ ಸಲೀಸಾಗಿ ಹೋಗುತ್ತೆ. "ಸ್ವಲ್ಪ ಲೂಸ್, ನಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಕೋಬೇಡಿ. ಒಳಗೆ ಉಳಿ ಅಲ್ಲಾಡಿ ಅಲ್ಲಾಡಿ ಮಿಷಿನ್ ಬಾಯಿಯ ಬುಷ್ ಸವೆಯುತ್ತೆ, ಏಟು ವಾರೆ ಬೀಳುತ್ತೆ, ಉಳಿ ಕುತ್ತಿಗೆಯಲ್ಲಿ ಮುರಿಯುತ್ತೆ. ಬಾಡಿಗೆ ಮಿಷಿನ್ ಆದರೆ ಬುಷ್ ದುಡ್ಡು ನಿಮ್ಮ ತಲೆಗೇ.

ಸುಲಭ ಏನಪ್ಪಾ ಅಂದ್ರೆ, ಹಳೇ ಬಿಟ್ ಇದ್ದರೆ ಅದನ್ನೇ ತಗೊಂಡು ಹೋಗಿ. ಇಲ್ಲದಿದ್ದರೆ ಮಿಷಿನ್ ಮೇಲಿನ ಪಟ್ಟಿಯ ಫೋಟೋ, ಬಾಯಿಯ ಫೋಟೋ, ಬಾಲದ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೋ. ಹೆಕ್ಸ್ ಅಳೆಯೋವಾಗ ಮೂಲೆಯಿಂದ ಮೂಲೆಗೆ ಅಳೀಬೇಡಿ. ಎದುರು-ಬದರು ಇರೋ ಎರಡು ಚಪ್ಪಟೆ ಮುಖಗಳ ನಡುವೆ ಅಳೀರಿ. ಮೂಲೆಗೆ ಅಳೆದರೆ 30ರದ್ದು 34 ಅಂತ ಕಾಣಿಸುತ್ತೆ, ಅಂಗಡಿಯವನಿಗೂ ತಲೆ ಕೆಡುತ್ತೆ.

ಉದ್ದದ ವಿಷಯ ಜಾಸ್ತಿ ಹೇಳೋದಿಲ್ಲ. ನೆಲದ ಕೆಲಸಕ್ಕೆ ಒಂದಡಿ ಮೇಲಿರೋ ಉಳಿ ತಗೊಂಡರೆ ಬೆನ್ನು ಉಳಿಯುತ್ತೆ. ಗೋಡೆ ಕೆಲಸಕ್ಕೆ ಗಿಡ್ಡದು ಕೈ ಮಾತು ಕೇಳುತ್ತೆ.

ಉಕ್ಕು ಹೇಗಿದೆ ಅಂತ ಕಣ್ಣಲ್ಲಿ ನೋಡಿ ಹೇಳೋದು ಕಷ್ಟ, ಆದರೂ ಎರಡು ಮೂರು ಪರೀಕ್ಷೆ ಇದೆ. ಉಳಿಯನ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ಉರುಳಿಸಿ. ದೇಹ ಕುಣಿದರೆ ಅದು ಸೊಟ್ಟ. ಅಂಚನ್ನ ಬೆಳಕಿಗೆ ಹಿಡಿದು ನೋಡಿ, ನೇರ ಇರಬೇಕು, ಬಾಲದ ಮಧ್ಯಕ್ಕೆ ಸರಿಯಾಗಿ ಕೂತಿರಬೇಕು. ಅಂಚಿನ ಹತ್ತಿರ ನೀಲಿ ಬಣ್ಣದ ಕಲೆ ಇದ್ದರೆ ಯಾರೋ ಗ್ರೈಂಡರ್‌ಗೆ ಸುಟ್ಟು ಹದ ಕಳೆದಿದ್ದಾರೆ, ಅದು ಹಳೇ ಮಾಲು. ತೀರಾ ಅಗ್ಗದ್ದು ತಂದರೆ ಎರಡರಲ್ಲಿ ಒಂದು ಗತಿ: ಮೆತ್ತಗಿದ್ದರೆ ಅಂಚು ಮಡಚಿ ಅಣಬೆಯಾಗುತ್ತೆ, ಬಿರುಸಾಗಿದ್ದರೆ ಚಕ್ಕೆ ಹಾರುತ್ತೆ. ಮಡಚಿದರೆ ದುಡ್ಡು ಹೋಯ್ತು ಅಷ್ಟೇ. ಚಕ್ಕೆ ಹಾರಿದರೆ ಕಣ್ಣು ಹೋಗುತ್ತೆ.

ಕೆಲಸ ಶುರು ಮಾಡಿದಾಗ

ಬಾಲ ಒರೆಸಿ, ಬೆರಳ ತುದಿಯಷ್ಟು ಗ್ರೀಸ್ ಸವರಿ ಹಾಕಿ. ಧೂಳು ಮೆತ್ತಿದ ಬಾಲ ಹಾಗೇ ತೂರಿಸಿದರೆ ಮಿಷಿನ್ ಬಾಯಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಹಾಕಿದ ಮೇಲೆ ಒಂದು ಸಲ ಎಳೆದು ನೋಡಿ, ಲಾಕ್ ಆಗಿದೆಯಾ ಅಂತ. ಬಿಟ್ ಬದಲಿಸೋವಾಗ ಪ್ಲಗ್ ಕಿತ್ತಿರಲೇಬೇಕು.

ಡ್ರಿಲ್ಲೂ ಹೊಡೆತವೂ ಎರಡೂ ಇರೋ ಮಿಷಿನ್ ಆದರೆ ಗುಂಡಿಯನ್ನ ಬರೀ ಸುತ್ತಿಗೆ ಚಿತ್ರಕ್ಕೆ ತಿರುಗಿಸಿ. ತಿರುಗೋ ಚಿತ್ರದಲ್ಲೇ ಬಿಟ್ಟು ಚಪ್ಪಟೆ ಉಳಿ ಹಾಕಿದರೆ ಅಂಚು ಗೋಡೆಗೆ ಸಿಕ್ಕಿಕೊಂಡು ಮಿಷಿನ್ನೇ ತಿರುಗುತ್ತೆ, ಮಣಿಕಟ್ಟು ಹೊರಳುತ್ತೆ. ಬರೀ ಸುತ್ತಿಗೆ ಚಿತ್ರ ಇಲ್ಲದ ಮಿಷಿನ್‌ಗಳೂ ಇವೆ. ಅಂಥದ್ದಕ್ಕೆ ಉಳಿ ಹಾಕಲೇಬೇಡಿ.

ಗಾರೆ ಕೀಳೋವಾಗ ಉಳಿ ಗೋಡೆಗೆ ನೆಟ್ಟಗೆ ಹಿಡೀಬಾರದು. ಪೊಳ್ಳಿನ ಅಂಚು ಎಲ್ಲಿದೆ ಹುಡುಕಿ, ಅಲ್ಲಿ ಒಂದು ಬಾಯಿ ಮಾಡ್ಕೊಂಡು, ಆ ಬಾಯಿಯಿಂದ ಗಾರೆಯ ಅಡಿಗೆ ಉಳಿ ಮಲಗಿಸಿ ತೂರಿಸಬೇಕು. ಗೋಡೆಯಿಂದ ಒಂದು 20-30 ಡಿಗ್ರಿ ಎದ್ದಿದ್ದರೆ ಸಾಕು. ಕುಂಟೆ ಹೊಡೆಯೋವಾಗ ಕುಡ ಮಣ್ಣಿನಡಿ ಮಲಗಿ ಹೋಗುತ್ತಲ್ಲ, ಆ ಓಟ ಮನಸಲ್ಲಿಟ್ಕೊಳ್ಳಿ. ಮೇಲಿಂದ ಕೆಳಗೆ ಬನ್ನಿ. ಕೆಳಗಿಂದ ಶುರು ಮಾಡಿದರೆ ಮೇಲಿನ ಹಪ್ಪಳ ಒಟ್ಟಿಗೆ ಪಾದದ ಮೇಲೆ ಬೀಳುತ್ತೆ.

ಕಾಂಕ್ರೀಟ್ ನೆಲ ಒಡೆಯೋದು ಬೇರೆ ಲೆಕ್ಕ. ಅಲ್ಲಿ ಕಾಂಕ್ರೀಟಿಗೆ ಒಡೆದು ಹೋಗೋಕೆ ಜಾಗ ಬೇಕು. ಹಾಸಿನ ನಡುಮಧ್ಯೆ ನಿಂತು ಹೊಡೆದರೆ ಚೂರು ಎಲ್ಲಿಗೂ ಹೋಗೋ ಹಾಗಿಲ್ಲ, ಬರೀ ಗುಂಡಿ ಆಗುತ್ತೆ, ಉಳಿ ಹೂತ್ಕೊಳ್ಳುತ್ತೆ. ಅಂಚಿನಿಂದ ಮೂರು-ನಾಲ್ಕು ಇಂಚು ಒಳಗೆ ಉಳಿ ಇಟ್ಟು, ಅಂಚಿನ ಕಡೆಗೆ ಸ್ವಲ್ಪ ವಾಲಿಸಿ ಹೊಡೆದರೆ ಹೋಳು ತಾನಾಗೇ ಬಿಟ್ಟುಕೊಳ್ಳುತ್ತೆ. ಅಂಚೇ ಇಲ್ಲದ ಕಡೆ ಮೊದಲು ಮೊನೆ ಬಿಟ್‌ನಲ್ಲಿ ಒಂದು ಬಾಯಿ ತೆಗೆದು, ಆಮೇಲೆ ಚಪ್ಪಟೆ ಉಳಿಯಲ್ಲಿ ಅದನ್ನ ಅಗಲ ಮಾಡ್ಕೊಂಡು ಹೋಗಿ.

ಹತ್ತು-ಹದಿನೈದು ಸೆಕೆಂಡ್ ಹೊಡೆದರೂ ಬಿರುಕು ಬಿಡದಿದ್ದರೆ ಅಲ್ಲೇ ಹಟ ಹಿಡೀಬೇಡಿ, ಒಂದಿಂಚು ಈಚೆಗೆ ಬನ್ನಿ. ನಾನು ಮೊದಮೊದಲು ಎದೆ ಕೊಟ್ಟು ಒತ್ತುತ್ತಿದ್ದೆ. ಒತ್ತಿದಷ್ಟೂ ಏಟು ಜಾಸ್ತಿ ಅಂತ ತಿಳುವಳಿಕೆ. ಹಾಗೇನಿಲ್ಲ. ಮಿಷಿನ್ ಕುಣಿಯದ ಹಾಗೆ ಹಿಡಿದರೆ ಸಾಕು, ಹೊಡೆಯೋ ಕೆಲಸ ಒಳಗಿರೋ ಪಿಸ್ಟನ್‌ದು. ಉಳಿ ಯಾವುದಕ್ಕೂ ತಾಗದೆ ಗಾಳಿಯಲ್ಲಿ ಓಡಿಸೋದೂ ತಪ್ಪು, ಆ ಏಟೆಲ್ಲ ಮಿಷಿನ್ನೇ ತಿನ್ನುತ್ತೆ.

ಉಳಿ ಸಿಕ್ಕಿಕೊಂಡರೆ? ಎಲ್ಲರೂ ಮಾಡೋದು ಒಂದೇ, ಮಿಷಿನ್ ಹಿಡಿದು ಹಾರೆ ತರ ಆಚೆ ಈಚೆ ಮೀಟೋದು. ಉಳಿ ಹಾರೆ ಅಲ್ಲ. ಹಾರೆಗೆ ಮೈಯೆಲ್ಲ ಒಂದೇ ದಪ್ಪ, ಉಳಿಗೆ ಕುತ್ತಿಗೆ ಇದೆ. ಅಲ್ಲೇ ಟಪ್ ಅನ್ನುತ್ತೆ. ಲಾಕ್ ತೆಗೆದು ಮಿಷಿನ್ ಬಿಡಿಸ್ಕೊಂಡು, ಇನ್ನೊಂದು ಬಿಟ್ ಹಾಕಿ ಸುತ್ತಲೂ ಒಡೆದು ಬಿಡಿಸಿ. ಅದಕ್ಕೇ ಎರಡು ಬಿಟ್ ಇರಲಿ ಅಂದಿದ್ದು. ಕಾಂಕ್ರೀಟಿನಲ್ಲಿ ಸರಳು ಕಂಡರೆ ಉಳಿಯಲ್ಲಿ ಕಡಿಯೋಕೆ ಹೋಗಬೇಡಿ, ಅಂಚು ಒಂದೇ ನಿಮಿಷಕ್ಕೆ ಹೋಗುತ್ತೆ. ಸರಳಿಗೆ ಗ್ರೈಂಡರ್.

ತಳದ ಬಿರುಕುಗಳನ್ನ 25ರ ಉಳಿಯಲ್ಲಿ ಒಂದಿಂಚು ಅಗಲ, ಒಂದಿಂಚು ಆಳ ಬಿಡಿಸಿದೆ. ಮೇಲೆ ಅಗಲ ಕೆಳಗೆ ಚೂಪು ಬೇಡ, ತಳವೂ ಅಗಲವೇ ಇರಲಿ, ಹಾಕಿದ ಗಾರೆ ಕಚ್ಚಿಕೊಳ್ಳುತ್ತೆ. ಆಮೇಲೆ ಧೂಳೆಲ್ಲ ತೊಳೆದು, ಗೋಡೆ ಒದ್ದೆ ಇರೋವಾಗಲೇ ಸಿಮೆಂಟ್ ತಿಳಿ ಬಳಿದು, ಒಂದಕ್ಕೆ ಮೂರರ ಗಾರೆ ಎರಡು ಪದರ. ನೀರು ತಡೆಯೋ ಪುಡಿ ಡಬ್ಬದ ಮೇಲೆ ಬರೆದಷ್ಟೇ, ಜಾಸ್ತಿ ಹಾಕಿದರೆ ಜಾಸ್ತಿ ತಡೆಯುತ್ತೆ ಅಂತಿಲ್ಲ. ಗೋಣಿಚೀಲ ಹೊದಿಸಿ ಹತ್ತು ದಿನ ನೀರುಣಿಸಿದೆ.

ಬಂಡೆ ಮತ್ತು ಗರಸು

"ಹೊಲದಲ್ಲಿ ಬಂಡೆ ಇದೆ, ಬ್ರೇಕರ್‌ನಲ್ಲಿ ಹೋಗುತ್ತಾ?" ಅಂತ ಸುಮಾರು ಜನ ಕೇಳ್ತಾರೆ. ಮೊಳಕಾಲ್ಮುರು ಕಡೆಯವರು ಜಾಸ್ತಿ. ನಮ್ಮ ಕಡೆಯ ಕಣಶಿಲೆಗೆ ಕೈ ಬ್ರೇಕರ್‌ನ ಚಪ್ಪಟೆ ಉಳಿ ಅಂದ್ರೆ ಆನೆಗೆ ಅರೆಕಾಸಿನ ಮಜ್ಜಿಗೆ. ಬಂಡೆಯನ್ನ ಸಾಲಾಗಿ ತೂತು ಹಾಕಿ ಬೆಣೆ ಬಡಿದು ಸೀಳೋದು, ಅದನ್ನ ಕಲ್ಲು ಕೆಲಸದವರು ತಲೆಮಾರಿನಿಂದ ಬಲ್ಲರು, ಅವರನ್ನೇ ಕರೀರಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಕಾಲದ ಅಕ್ಷರ ಇವೆ, ಕ್ರಿ.ಪೂ. ಮೂರನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ್ದು. ಎರಡು ಸಾವಿರ ವರ್ಷದ ಮೇಲೂ ಓದೋ ಹಾಗಿದೆ ಅಂದರೆ ಆ ಕಲ್ಲು ಎಂಥದ್ದು ಯೋಚನೆ ಮಾಡಿ. ಹಾಗೇ ನಿಮ್ಮ ಬದುವಿನಲ್ಲಿ ವೀರಗಲ್ಲೋ, ಅಕ್ಷರ ಇರೋ ಕಲ್ಲೋ ಸಿಕ್ಕರೆ ಮಿಷಿನ್ ಆಫ್ ಮಾಡಿ. ಅದನ್ನ ಒಡೆದು ಸಿಗೋದು ಎರಡು ತಟ್ಟೆ ಜಲ್ಲಿ ಅಷ್ಟೇ.

ಗರಸು ನೆಲ ಬೇರೆ. ಅದಕ್ಕೆ ಚಪ್ಪಟೆ ಉಳಿಯ ದೊಡ್ಡಪ್ಪ ಒಬ್ಬ ಇದ್ದಾನೆ, ನಾಲ್ಕೈದು ಇಂಚು ಅಗಲದ ಸಲಿಕೆ ಬಿಟ್. ದಾಳಿಂಬೆಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ಗರಸಿನಲ್ಲಿ ಹಾರೆ ಹಿಡಿದು ತೆಗೆಯೋ ಕಷ್ಟ ಪಟ್ಟವರಿಗೇ ಗೊತ್ತು. ಜೆಸಿಬಿ ಹೋಗದ ಜಾಗದಲ್ಲಿ, ಹತ್ತಿಪ್ಪತ್ತು ಗುಂಡಿ ಮಾತ್ರ ಇದ್ದಾಗ, ದೊಡ್ಡ ಬ್ರೇಕರ್ ಮತ್ತು ಸಲಿಕೆ ಬಿಟ್ ಒಳ್ಳೆ ಜೋಡಿ. ಹಿಂದಿನ ದಿನ ಗುರುತು ಮಾಡಿದ ಜಾಗಕ್ಕೆ ಎರಡು ಬಿಂದಿಗೆ ನೀರು ಹಾಕಿಟ್ಟರೆ ಬೆಳಗ್ಗೆ ನೆಲ ಮಾತು ಕೇಳುತ್ತೆ.

ಕರೆಂಟು ಮತ್ತು ಧೂಳು

ಇದನ್ನ ಓದದೆ ಕೆಳಗೆ ಜಾರಿಸಬೇಡಿ.

ಹೊಲದಲ್ಲಿ ಸಿಂಗಲ್ ಫೇಸ್ ಇಲ್ಲ ಅಂತ ಪಂಪ್‌ಸೆಟ್ ಸ್ಟಾರ್ಟರ್‌ನಿಂದ ಒಂದು ಫೇಸ್ ಎಳೆದು, ಇನ್ನೊಂದು ವೈರನ್ನ ನೆಲಕ್ಕೆ ಬಡಿದ ಸಲಾಕೆಗೆ ಕಟ್ಟಿ ಮಿಷಿನ್ ಓಡಿಸೋರನ್ನ ನಾನೇ ನೋಡಿದ್ದೀನಿ. ಆ ಸಲಾಕೆ ಸುತ್ತ ನೆಲಕ್ಕೂ ಕರೆಂಟ್ ಬಂದಿರುತ್ತೆ. ದನ ಮೊದಲು ಬೀಳುತ್ತೆ, ಬಿಡಿಸೋಕೆ ಹೋದ ಮನುಷ್ಯ ಆಮೇಲೆ. ಎರಡು ಫೇಸ್ ಮಧ್ಯೆ ಕೊಟ್ಟರೆ 415 ವೋಲ್ಟ್, ಮಿಷಿನ್ ಹೊಗೆ. ಜನರೇಟರ್ ಬಾಡಿಗೆಗೆ ತನ್ನಿ. 1,500 ವ್ಯಾಟ್ ಮಿಷಿನ್‌ಗೆ 3 ಕೆವಿಎ ಇದ್ದರೆ ಸಲೀಸು. ಮನೆಯಿಂದ ಎಳೆಯೋದಾದರೆ 2.5 ಚದರ ಮಿ.ಮೀ. ತಾಮ್ರದ ಮೂರು ಎಳೆ ವೈರು, 16 ಆಂಪಿಯರ್ ಪ್ಲಗ್ಗು, ಮತ್ತು ಮಧ್ಯೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಸಣ್ಣ ವೈರು ಉದ್ದಕ್ಕೆ ಎಳೆದರೆ ವೋಲ್ಟೇಜ್ ಬಿದ್ದು ಮೋಟರ್ ಸುಡುತ್ತೆ. ಗೋಡೆಯೊಳಗೆ ಬೋರ್ ಕೇಬಲ್ಲೋ ಪೈಪೋ ಹೋಗಿದೆಯಾ ಅಂತ ಕಟ್ಟಿಸಿದವರನ್ನ ಕೇಳಿ. ನಮ್ಮಪ್ಪ ತೋರಿಸದಿದ್ದರೆ ನಾನು ಔಟ್‌ಲೆಟ್ ಪೈಪ್‌ಗೇ ಉಳಿ ಇಡ್ತಿದ್ದೆ.

ಧೂಳಿನ ವಿಷಯಕ್ಕೆ ಬಂದರೆ, ಸಿಮೆಂಟ್, ಮರಳು, ಕಲ್ಲು ಒಡೆದಾಗ ಏಳೋ ಧೂಳಿನಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣೋ ಧೂಳು ಮೂಗಲ್ಲೇ ನಿಲ್ಲುತ್ತೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಗಾಯ ಮಾಡಿ ಗಟ್ಟಿಯಾಗುತ್ತೆ. ಸಿಲಿಕೋಸಿಸ್ ಅಂತ ಅದರ ಹೆಸರು, ಬಂದ ಮೇಲೆ ಹೋಗಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ಕಾಯಿಲೆ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ನಾವು ಕಾರ್ಖಾನೆ ಅಲ್ಲ, ನಮ್ಮನ್ನ ಯಾರೂ ಲೆಕ್ಕ ಹಾಕಲ್ಲ. ಎರಡು ದಿನದ ಕೆಲಸಕ್ಕೆ ಏನಾಗಲ್ಲ ಅನ್ನಬಹುದು. ಆದರೆ ಒಮ್ಮೆ ಮಿಷಿನ್ ಕೈಗೆ ಬಂದರೆ ಊರಿನವರೆಲ್ಲ ಕರೀತಾರೆ, ಎರಡು ದಿನ ಇಪ್ಪತ್ತಾಗುತ್ತೆ.

ಟವೆಲ್ ಮುಖಕ್ಕೆ ಸುತ್ಕೊಂಡರೆ ಈ ಸಣ್ಣ ಧೂಳು ನಿಲ್ಲಲ್ಲ. ಎನ್-95 ಮಾಸ್ಕ್ ಬೇಕು, ಮೂಗಿನ ಮೇಲೆ ಕಂಬಿ ಒತ್ತಿ ಕೂರಿಸಿ. ತೊಟ್ಟಿ ಅಂದ್ರೆ ನಾಲ್ಕು ಕಡೆ ಗೋಡೆ, ಗಾಳಿ ಆಡಲ್ಲ, ಧೂಳು ಅಲ್ಲೇ ನಿಂತಿರುತ್ತೆ. ನಾನು ಹಿಂದಿನ ಸಂಜೆಯೇ ಗೋಡೆಗೆ ನೀರು ಎರಚಿ ನೆನೆಸ್ತಿದ್ದೆ. ಮಧ್ಯೆ ಮಧ್ಯೆ ಮಿಷಿನ್ ನಿಲ್ಲಿಸಿ, ಪ್ಲಗ್ ಕಿತ್ತು, ಬೆನ್ನಿನ ಸ್ಪ್ರೇಯರ್‌ನಿಂದ ಮಂಜಿನ ಹಾಗೆ ನೀರು ಹೊಡೀತಿದ್ದೆ. ಗೋಡೆ ತೇವ ಇರಬೇಕು, ಕಾಲಡಿ ನೀರು ನಿಲ್ಲಬಾರದು, ವೈರು ತೊಟ್ಟಿಯ ದಂಡೆ ಮೇಲಿಂದ ನೇತಾಡಬೇಕು. ಸ್ಪ್ರೇಯರ್ ಹೊಸದಿರಲಿ ಅಥವಾ ಬರೀ ನೀರಿಗೆ ಅಂತ ಇಟ್ಟಿದ್ದಿರಲಿ. ಕಳೆನಾಶಕ ಹೊಡೆದ ಸ್ಪ್ರೇಯರ್ ತಂದು ಮುಚ್ಚಿದ ಜಾಗದಲ್ಲಿ ಹೊಡೆದು, ಆಮೇಲೆ ಅದೇ ತೊಟ್ಟಿ ನೀರು ಗಿಡಕ್ಕೆ ಬಿಟ್ಟರೆ ಏನಾಗುತ್ತೆ ನೀವೇ ಹೇಳಿ.

ಕನ್ನಡಕ, ಗಟ್ಟಿ ಬೂಟು, ಕಿವಿಗೆ ಪ್ಲಗ್ಗು. ಕಾಲು ಗಂಟೆ ಹೊಡೆದರೆ ಐದು ನಿಮಿಷ ಕೈ ಬಿಡಿ. ಬೆರಳು ಜುಮ್ ಅಂತ ಬೆಳ್ಳಗಾದರೆ ಅವತ್ತಿಗೆ ಸಾಕು.

ಕುಲುಮೆಗೆ ಒಯ್ಯೋವಾಗ

ಅಂಚು ಮೊಂಡಾದ ಉಳಿ ಧೂಳು ಜಾಸ್ತಿ ಎಬ್ಬಿಸುತ್ತೆ, ಕೆಲಸ ಕಡಿಮೆ ಮಾಡುತ್ತೆ. ಸ್ವಲ್ಪ ಮೊಂಡಾಗಿದ್ದರೆ ಗ್ರೈಂಡರ್ ಸಾಕು. ಮೊದಲಿದ್ದ ಇಳಿಜಾರಿನಲ್ಲೇ ಉಜ್ಜಿ, ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ, ಬರಿಗೈಯಲ್ಲಿ ಹಿಡಿಯೋಕೆ ಆಗದಷ್ಟು ಬಿಸಿ ಆಗೋಕೆ ಬಿಡಬೇಡಿ. ಕುಡಗೋಲಿನಂತೆ ತೆಳ್ಳಗೆ ಮಾಡಬೇಡಿ, ಮೊದಲ ಏಟಿಗೇ ಚಕ್ಕೆ ಏಳುತ್ತೆ.

ತೀರಾ ಸವೆದಿದ್ದಕ್ಕೆ ನಾನು ನಮ್ಮೂರ ಕುಲುಮೆಗೆ ಹೋದೆ. ಕುಳ ಹಣಿದು ಕೊಡೋ ಅಜ್ಜ ಉಳಿ ತಿರುಗಿಸಿ ತಿರುಗಿಸಿ ನೋಡಿ, "ಕುಳಕ್ಕೆ ಹಾಕೋ ಹದ ಇದಕ್ಕೆ ನಡೆಯಲ್ಲ ಕಣ್ ಮಗ. ಕುಳ ಮಣ್ಣು ಸೀಳುತ್ತೆ, ಇದು ಏಟು ತಿನ್ನುತ್ತೆ" ಅಂದರು. ಕೆಂಪಗೆ ಕಾಯಿಸಿ ಹಣಿದರು, ತುದಿಯ ಒಂದಿಂಚು ಮಾತ್ರ ಅದ್ದಿದರು. ಆಮೇಲೆ ಉಳಿದ ಕಾವು ತುದಿಗೆ ಹರಿದು ಬರೋವರೆಗೂ ಬಣ್ಣ ನೋಡ್ತಾ ಕೂತರು, ಹೊಂಬಣ್ಣ ತಿರುಗಿದ ಮೇಲೆ ಮತ್ತೆ ಅದ್ದಿದರು. ಬಾಲಕ್ಕೆ ಬೆಂಕಿಯೇ ತಾಗಿಸಲಿಲ್ಲ. ನೀವು ಒಯ್ದಾಗಲೂ ಬಾಲ ಕಾಯಿಸಬೇಡಿ ಅಂತ ಮೊದಲೇ ಹೇಳಿ. ಬಾಲದ ತುದಿ ಏಟು ತಿಂದು ಅಣಬೆಯಾಗಿದ್ದರೆ, ಇಲ್ಲಾ ಕುತ್ತಿಗೆಯಲ್ಲಿ ಕೂದಲೆಳೆ ಬಿರುಕು ಕಂಡರೆ ರಿಪೇರಿ ಇಲ್ಲ, ಗುಜರಿಗೆ ಹಾಕಿ.

ತೊಟ್ಟಿ ತುಂಬಿಸಿದ ಮೊದಲ ರಾತ್ರಿ ಮತ್ತೆ ಪೆನ್ಸಿಲ್ ಗೆರೆ, ಮತ್ತೆ ಬಕೆಟ್. ಬೆಳಗ್ಗೆ ನೋಡಿದರೆ ತೊಟ್ಟಿ ಅರ್ಧ ಇಂಚು ಇಳಿದಿತ್ತು. ಎದೆ ಧಸಕ್ಕಂತು. ಹೊಸ ಗಾರೆ ಒಂದೆರಡು ದಿನ ನೀರು ಕುಡಿಯುತ್ತೆ ಅಂತ ಗಾರೆಯವರು ಸಮಾಧಾನ ಹೇಳಿದರು. ಮೂರನೇ ರಾತ್ರಿ ತೊಟ್ಟಿಯ ಗೆರೆ, ಬಕೆಟ್ಟಿನ ಗೆರೆ ಎರಡೂ ಒಂದೇ ಸಮ. ಆ ಫೋಟೋ ಇನ್ನೂ ಮೊಬೈಲಲ್ಲಿದೆ.

50ರ ಉಳಿ ಈಗ ಮನೇಲಿಲ್ಲ. ಪಕ್ಕದ ಹಟ್ಟಿಯವರು ಅವರ ತೊಟ್ಟಿಗೆ ಬೇಕು ಅಂತ ಹೋದ ವಾರ ಒಯ್ದಿದ್ದಾರೆ. ಬಾಲಕ್ಕೆ ಗ್ರೀಸ್ ಹಚ್ಚಿ, ಗೋಣಿ ಸುತ್ತಿ ಕೊಟ್ಟಿದ್ದೀನಿ. ಯಾವ ಮಿಷಿನ್ ತರ್ತೀರಾ ಅಂತ ಕೇಳಿದೆ, "ದೊಡ್ಡದೇ" ಅಂದರು. ನಾಳೆ ಬೆಳಗ್ಗೆ ಒಂದು ಸಲ ಹೋಗಿ ಬರಬೇಕು.